ಕಡತದ ಹೆಸರು, ಕರೆಯುವ ಹೆಸರು

ಮನೆಯಲ್ಲಿ ಮಗು ಹುಟ್ಟಿತೆಂದರೆ ಹೆಸರಿನ ಚರ್ಚೆ ಬಾಣಂತಿ ಕೋಣೆಯಿಂದಲೇ ತೊಡಗುತ್ತದೆ. ಅಜ್ಜನ ಹೆಸರು ಬರಬೇಕೆಂದು ಅಜ್ಜಿಯ ಆಸೆ. ನಕ್ಷತ್ರಕ್ಕೆ ಹೊಂದುವ ಅಕ್ಷರವೇ ಆಗಬೇಕೆಂದು ಜೋಯಿಸರ ಅಭಿಪ್ರಾಯ. ತರಗತಿಯಲ್ಲಿ ಬೇರೆ ಯಾರಿಗೂ ಇಲ್ಲದ ಹೆಸರಾಗಬೇಕೆಂದು ತಾಯಿಯ ಹಟ. ದೊಡ್ಡವರು ಹೀಗೆ ವಾದಿಸುತ್ತಿರುವಾಗಲೇ ಮಗು ಎಲ್ಲರ ಬಾಯಲ್ಲಿ ಅಪ್ಪುವೋ ಅಮ್ಮುವೋ ಪುಟ್ಟನೋ ಆಗಿಬಿಟ್ಟಿರುತ್ತದೆ.

ಬೇರೆ ಊರುಗಳಲ್ಲಿ ಇದು ಮನೆಯೊಳಗಿನ ಸಂತೋಷದ ಜಗಳ ಮಾತ್ರ. ಕಾಸರಗೋಡಿನ ಕನ್ನಡಿಗರಾದ ನಮಗೆ ಇನ್ನೂ ಒಂದು ಚಿಂತೆಯಿದೆ. ನಾವು ಕನ್ನಡದಲ್ಲಿ ಯೋಚಿಸಿ, ಮನೆಯಲ್ಲಿ ತುಳುವಿನಲ್ಲೋ ಹವ್ಯಕದಲ್ಲೋ ಕೊಂಕಣಿಯಲ್ಲೋ ಮರಾಟಿಯಲ್ಲೋ ಕರೆಯುವ ಹೆಸರು ಪಂಚಾಯತು ಕಚೇರಿಗೆ ಹೋದಾಗ ಮಲೆಯಾಳ ಅಕ್ಷರ ತೊಡುತ್ತದೆ. ಅದರ ಪಕ್ಕದಲ್ಲೇ ಇಂಗ್ಲಿಷಿಗೂ ಇಳಿಯುತ್ತದೆ. ಮೂರು ಲಿಪಿಗಳನ್ನು ದಾಟಿ ಹಿಂದಕ್ಕೆ ಬರುವಾಗ ಅದು ನಾವಿಟ್ಟ ಹೆಸರಾಗಿಯೇ ಉಳಿದಿರುತ್ತದೆಯೆ? ಕಡತಕ್ಕೊಂದು, ಕರೆಯುವುದಕ್ಕೊಂದು ಎಂಬ ನಮ್ಮ ಹಿರಿಯರ ಕ್ರಮವನ್ನು ಈ ದೃಷ್ಟಿಯಿಂದ ಸ್ವಲ್ಪ ನೋಡುವುದು ಒಳ್ಳೆಯದು.

ನಾಲ್ಕು ಹೆಸರಿನ ಲೆಕ್ಕ

ಒಬ್ಬರಿಗೆ ಒಂದೇ ಹೆಸರು ಎಂಬುದು ಸರಕಾರಿ ಕಡತ ಬಂದ ಮೇಲಿನ ಮಾತು. 11ನೆಯ ಅಥವಾ 12ನೆಯ ದಿನ ನಡೆಯುವ ವೈದಿಕ ನಾಮಕರಣದಲ್ಲಿ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಬರೆಯುವುದು ಒಂದು ಹೆಸರನ್ನಲ್ಲ. ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ನಾಲ್ಕು. ಇವುಗಳಲ್ಲಿ ಲೋಕಕ್ಕೆ ತಿಳಿಯುವುದು ಕೊನೆಯದು ಮಾತ್ರ. ಅದೂ ಬಳಕೆಯಲ್ಲಿ ಸವೆದು ಐದನೆಯ ಹೆಸರಾಗುತ್ತದೆ.

ಹೀಗೆ ಸವೆಯುವುದಕ್ಕೆ ನಮ್ಮ ಕಡೆ ಒಂದು ಗಟ್ಟಿ ಕಾರಣವೂ ಇತ್ತು. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವುದು ಹಲವು ಮನೆಗಳ ಪದ್ಧತಿ. ಆದರೆ ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಹೆತ್ತ ಮಗುವನ್ನೇ ಹೆಸರು ಹಿಡಿದು ಕರೆಯಲಾಗದ ಈ ಇಕ್ಕಟ್ಟಿಗೆ ಅವಳು ಕಂಡುಕೊಂಡ ಪರಿಹಾರವೇ ಮಾಣಿ, ಕೂಸು, ಅಪ್ಪು, ಅಣ್ಣು, ಮುದ್ದು, ಕುಂಞಿ. ಶಾಲೆಗೆ ಸೇರಿಸುವ ದಿನ ಮಾಸ್ತರರು ‘ಹೆಸರೇನು?’ ಎಂದು ಕೇಳಿದಾಗಲಷ್ಟೇ ಅಜ್ಜನ ಹೆಸರು ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು. ತನ್ನ ಹೆಸರು ವೆಂಕಟರಮಣ ಎಂದು ಮೊದಲ ಸಲ ಶಾಲೆಯಲ್ಲಿ ಕೇಳಿ ತಿಳಿದ ಮಕ್ಕಳು ಆ ತಲೆಮಾರಿನಲ್ಲಿ ಕಡಿಮೆಯಿರಲಿಲ್ಲ.

ಬಂಗಾಳಿಗಳು ಈ ಎರಡು ಹೆಸರಿನ ಪದ್ಧತಿಯನ್ನು ಇಂದಿಗೂ ಶಿಸ್ತಿನಿಂದ ನಡೆಸುತ್ತಾರೆ. ಕರೆಯುವ ಹೆಸರು ‘ಡಾಕ್ ನಾಮ್’, ಕಡತದ ಹೆಸರು ‘ಭಾಲೋ ನಾಮ್’. ಜಗತ್ತಿಗೆಲ್ಲ ಸತ್ಯಜಿತ್ ರಾಯ್ ಆದವರು ಆಪ್ತರಿಗೆ ಮಾಣಿಕ್ ಆಗಿದ್ದರು. ಅಲ್ಲಿ ಎರಡು ಹೆಸರುಗಳಿಗೆ ಸಂಬಂಧವೇ ಇರಬೇಕೆಂದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಕರೆಯುವ ಹೆಸರು ಕಡತದ ಹೆಸರಿನದೇ ಒಂದು ತುಂಡು.

ಆ ತುಂಡುಗಳ ಚಂದ ನೋಡಿ. ಕೃಷ್ಣ ಕಿಟ್ಟಣ್ಣನಾದ. ನಾರಾಯಣ ನಾರ್ಣಪ್ಪನಾದ. ವೆಂಕಟರಮಣ ಎಂಕಪ್ಪನಾದ. ಸುಬ್ರಹ್ಮಣ್ಯ ಸುಬ್ಬಣ್ಣನಾದ. ದುರ್ಗೆಯ ಹೆಸರು ಹೊತ್ತವನು ದುಗ್ಗಪ್ಪನಾದ. ಲಕ್ಷ್ಮಿ ಲಚ್ಚಮ್ಮನಾದಳು, ಪಾರ್ವತಿ ಪಾರು, ಸರಸ್ವತಿ ಸರಸು, ದೇವಕಿ ದೇಕು. ಅಬ್ದುರಹಿಮಾನ್ ಅದ್ರಾಮನಾದ, ಮುಹಮ್ಮದ್ ಮಮ್ಮದೆಯಾದ. ಇಗರ್ಜಿಯ ಪುಸ್ತಕದ ಸೆಬೆಸ್ಟಿಯನ್ ತೋಟದಲ್ಲಿ ಬಸ್ತ್ಯಾಂವ್. ಜಾತಿ, ಮತ ಬೇರೆಯಾದರೂ ಉಳಿ ಒಂದೇ. ಒತ್ತಕ್ಷರ ಸಡಿಲಿಸು, ಉದ್ದ ಕತ್ತರಿಸು, ಕೊನೆಗೆ ಒಂದು ಅಣ್ಣ, ಅಪ್ಪ, ಅಕ್ಕ, ಅಮ್ಮ ಸೇರಿಸು. ಎಲಿಜಬೆತ್ ರಾಣಿ ತನ್ನ ಮನೆಯವರಿಗೆ ಲಿಲಿಬೆತ್ ಆದದ್ದೂ ಇಂಥದೇ ಉಳಿಯಿಂದ.

ಸಣ್ಣ ಹೆಸರಿನ ದೊಡ್ಡವರು

ಕರೆಯುವ ಹೆಸರು ಮನೆಯೊಳಗೇ ಉಳಿಯುತ್ತದೆಂದು ಹೇಳುವಂತಿಲ್ಲ. ಕೆಲವೊಮ್ಮೆ ಅದು ಕಡತವನ್ನೇ ಗೆಲ್ಲುತ್ತದೆ.

ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನೇ ತೆಗೆದುಕೊಳ್ಳೋಣ. 1915ರ ಜೂನ್ 8ರಂದು ಹುಟ್ಟಿ, ನೂರು ವರ್ಷ ತುಂಬಿ, 2015ರ ಆಗಸ್ಟ್ 9ರಂದು ತೀರಿಕೊಂಡ ಈ ಕವಿ ಪೆರಡಾಲದ ನವಜೀವನ ಹೈಸ್ಕೂಲಿನ ಮಾಸ್ತರರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಬದುಕಿಡೀ ದುಡಿದವರು. ‘ಕಿಞ್ಞ’ ಎಂದರೆ ತುಳುವಿನಲ್ಲಿ ಸಣ್ಣ. ಕಿಞ್ಞಣ್ಣ ಎಂದರೆ ಸಣ್ಣಣ್ಣ. ತೊಟ್ಟಿಲಲ್ಲಿ ಮಲಗಿದ ಮಗುವನ್ನು ಕರೆಯುವಂಥ ಮಾತದು. ಅದೇ ಹೆಸರು ಪುಸ್ತಕಗಳ ಮೇಲೆ ಅಚ್ಚಾಯಿತು, ಹೋರಾಟದ ಕರಪತ್ರಗಳಲ್ಲಿ ಬಂತು, ನಾಡಿಗೆ ನಾಡೇ ಗೌರವದಿಂದ ಹೇಳುವ ಹೆಸರಾಯಿತು.

ಅವರ ಹೆಸರಿನ ‘ಞ’ ಅಕ್ಷರ ಕನ್ನಡ ಬರವಣಿಗೆಯಲ್ಲಿ ಅಪರೂಪ. ಘಟ್ಟದ ಮೇಲಿನವರು ಆ ಒತ್ತಿನ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ. ಮಲೆಯಾಳದಲ್ಲಾದರೆ ಅದು ದಿನಬಳಕೆಯ ಅಕ್ಷರ. ಕನ್ನಡಕ್ಕಾಗಿ ಹೋರಾಡಿದ ಕವಿಯ ಹೆಸರನ್ನು ಸಲೀಸಾಗಿ ಬರೆಯಬಲ್ಲವರು ನಮ್ಮ ಮಲೆಯಾಳಿ ನೆರೆಯವರು! ಗಡಿನಾಡಿನ ಬದುಕು ಹೀಗೆ ಹೆಣೆದುಕೊಂಡಿದೆ.

ಇದೇ ಜಿಲ್ಲೆಯ ತೆಂಕಣ ತುದಿಗೆ ಹೋದರೆ, ಕಾಞಂಗಾಡಿನ ಕಡೆಯಿಂದ ಬಂದು 1978ರಲ್ಲಿ ತೀರಿಕೊಂಡ ಮಲೆಯಾಳದ ಮಹಾಕವಿ ಪಿ. ಕುಞ್ಞಿರಾಮನ್ ನಾಯರ್ ಸಿಗುತ್ತಾರೆ. ‘ಕುಞ್ಞಿ’ ಎಂದರೂ ಸಣ್ಣದೇ; ಕುಞ್ಞಿರಾಮನ್ ಎಂದರೆ ಪುಟ್ಟ ರಾಮ. ಘಟ್ಟ ಹತ್ತಿ ಮಲೆನಾಡಿಗೆ ಹೋದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುವೆಂಪು ಎಂಬ ಮೂರಕ್ಷರದ ಒಳಗೆ ಅಡಗಿ ಕುಳಿತವನೂ ಒಬ್ಬ ಪುಟ್ಟನೇ. ತುಳು, ಮಲೆಯಾಳ, ಕನ್ನಡ, ಮೂರು ಭಾಷೆಗಳಲ್ಲೂ ತಾಯಂದಿರು ಮಗುವನ್ನು ‘ಸಣ್ಣವನೇ’ ಎಂದು ಕರೆದರು, ಮೂವರೂ ದೊಡ್ಡವರಾದರು.

ಇನ್ನೂ ಹಿಂದಕ್ಕೆ ಹೋದರೆ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬ. ಪಾರ್ವತಿ ಎಂಬ ತಾಯಿಯ ಹೆಸರು ಪಾರ್ತಿಯಾಗಿ, ಮಗನ ಹೆಸರು ಸುಬ್ಬ ಎಂದು ಕಿರಿದಾಗಿ, ಪಾರ್ತಿಯ ಮಗ ಸುಬ್ಬ ಪಾರ್ತಿಸುಬ್ಬನಾದನೆಂದು ಪ್ರತೀತಿ. ಅವನ ಕಾಲ, ಕೃತಿಗಳ ಬಗ್ಗೆ ವಿದ್ವಾಂಸರು ಬಹಳ ವಾದಿಸಿದ್ದಾರೆ. ಆದರೆ ರಾಮಾಯಣದ ಪ್ರಸಂಗಗಳನ್ನು ಆಡಿಸುವ ನಮ್ಮ ಬಯಲಾಟದ ಜನ ಅವನ ಪೂರ್ತಿ ಹೆಸರೇನೆಂದು ಎಂದೂ ಕೇಳಿದವರಲ್ಲ.

ಮನುಷ್ಯರ ಮಾತು ಹಾಗಿರಲಿ, ಮಧೂರಿನ ದೇವರಿಗೂ ಎರಡು ಹೆಸರು. ಆಮಂತ್ರಣ ಪತ್ರಿಕೆಯಲ್ಲಿ ಅದು ಶ್ರೀ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನ. ಊರವರ ಬಾಯಲ್ಲಿ ಮಧೂರು ಗಣಪತಿ. ಇನ್ನೂ ಹತ್ತಿರದವರ ಬಾಯಲ್ಲಿ ಬೊಡ್ಡಜ್ಜ. ದೇವರನ್ನು ‘ದಪ್ಪಗಿನ ಅಜ್ಜ’ ಎಂದರೆ ಅಪಚಾರವೆಂದು ಯಾರಿಗೂ ತೋರಿಲ್ಲ. ಅನಂತಪುರದ ಕೆರೆಯಲ್ಲಿದ್ದು 2022ರ ಅಕ್ಟೋಬರಿನಲ್ಲಿ ಸತ್ತ ಮೊಸಳೆ ಬಬಿಯನಿಗಂತೂ ಕರೆಯುವ ಹೆಸರೊಂದೇ. ಅದು ಸತ್ತಾಗ ಜನ ಕಣ್ಣೀರಿಟ್ಟದ್ದು ಆ ಹೆಸರಿಗಾಗಿಯೇ.

ಅಣ್ಣನಿಲ್ಲದ ಹೆಸರುಗಳು

ಈ ಪ್ರೀತಿಯ ಕತೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ಬಿಟ್ಟು ಬರೆದರೆ ಅರ್ಧ ಸತ್ಯವಾದೀತು.

ತುಳುನಾಡಿನಲ್ಲಿ ಗದ್ದೆ, ತೋಟಗಳಲ್ಲಿ ದುಡಿದ ಬಡ ಕುಟುಂಬಗಳ ಮಕ್ಕಳಿಗೆ, ಅದರಲ್ಲೂ ಅಸ್ಪೃಶ್ಯರೆಂದು ದೂರವಿಡಲ್ಪಟ್ಟವರ ಮಕ್ಕಳಿಗೆ, ಹುಟ್ಟಿದ ವಾರವೇ ಹೆಸರಾಗುತ್ತಿತ್ತು. ಆದಿತ್ಯವಾರ ಹುಟ್ಟಿದವನು ಐತ. ಸೋಮವಾರದವನು ಸೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಮೇಲು ಜಾತಿಯವರ ಹೆಸರನ್ನು ಅವರು ಇಟ್ಟುಕೊಳ್ಳುವುದನ್ನು ಸಮಾಜ ಸಹಿಸುತ್ತಿರಲಿಲ್ಲ. ಧನಿಗಳ ಮನೆಯ ಹತ್ತು ವರ್ಷದ ಹುಡುಗ ಕಿಟ್ಟಣ್ಣನಾಗಿದ್ದರೆ, ಅವನನ್ನು ಹೆಗಲಲ್ಲಿ ಹೊತ್ತು ತಿರುಗಿದ ಅರುವತ್ತರ ಮುದುಕ ಬರೇ ಐತ. ಹೆಸರು ಕಿರಿದು ಮಾಡುವುದು ಬೇರೆ, ಮನುಷ್ಯನನ್ನು ಕಿರಿದು ಮಾಡುವುದು ಬೇರೆ. ಮೊದಲನೆಯದರಲ್ಲಿ ಪ್ರೀತಿ ಇದೆ. ಎರಡನೆಯದರಲ್ಲಿ ಒಂದು ‘ಅಣ್ಣ’ನ ಕೊರತೆಯಿದೆ.

ಕಾಲ ಇದಕ್ಕೊಂದು ಉತ್ತರ ಕೊಟ್ಟಿದೆ. ಐತಿಹ್ಯದ ಕೊರಗ ತನಿಯ ಇಂದು ಕೊರಗಜ್ಜ. ಬದುಕಿದ್ದಾಗ ‘ಅಣ್ಣ’ನೂ ಸಿಗದವನನ್ನು ಇಂದು ಎಲ್ಲ ಜಾತಿಯವರೂ ‘ಅಜ್ಜ’ ಎಂದು ಕರೆದು ಕೈಮುಗಿಯುತ್ತಾರೆ. ಅಂಥ ಮನೆಗಳ ಮೊಮ್ಮಕ್ಕಳು ಈಗ ತಮಗೆ ಬೇಕಾದ ಉದ್ದದ, ಗಂಭೀರವಾದ ಹೆಸರು ಆರಿಸಿಕೊಳ್ಳುತ್ತಿದ್ದಾರೆ. ಆ ಹೆಸರನ್ನು ಕಡತದಲ್ಲಿ ಪೂರ್ತಿಯಾಗಿ ಬರೆಸಿಕೊಳ್ಳುವುದರಲ್ಲಿ ಅವರಿಗೆ ಎಷ್ಟು ಅಭಿಮಾನವೆಂಬುದು, ತಲೆಮಾರುಗಳಿಂದ ಪೂರ್ತಿ ಹೆಸರಿದ್ದವರಿಗೆ ಬೇಗ ಅರ್ಥವಾಗಲಾರದು. ಆದುದರಿಂದ ‘ಹೆಸರಲ್ಲೇನಿದೆ, ಏನಾದರೂ ಕರೆದರಾಯಿತು’ ಎಂಬ ಉಡಾಫೆಯ ಮಾತನ್ನು ನಾವು ಒಪ್ಪುವುದಿಲ್ಲ.

‘ನ್’ಕಾರದ ಕಾಟ

ಇನ್ನು ಕಚೇರಿಯ ಬಾಗಿಲಿಗೆ ಬರೋಣ. 1956ರ ನವೆಂಬರ 1ರಿಂದ ನಾವು ಕೇರಳದಲ್ಲಿದ್ದೇವೆ. 1984ರ ಮೇ 24ರಿಂದ ಕಾಸರಗೋಡು ಒಂದು ಜಿಲ್ಲೆ. ಇಲ್ಲಿ ಜನನ ಪ್ರಮಾಣಪತ್ರ ಸಾಮಾನ್ಯವಾಗಿ ಮಲೆಯಾಳ ಮತ್ತು ಇಂಗ್ಲಿಷಿನಲ್ಲಿ ಬರುತ್ತದೆ. ಲಿಪಿಯಲ್ಲಿ ದೋಷವಿಲ್ಲ. ಕನ್ನಡದ ಹೆಸರುಗಳನ್ನೆಲ್ಲ ಬರೆಯುವಷ್ಟು ಅಕ್ಷರಗಳು ಮಲೆಯಾಳದಲ್ಲಿವೆ. ತೊಡಕು ಇರುವುದು ಕಿವಿಯ ರೂಢಿಯಲ್ಲಿ.

ಮಲೆಯಾಳದ ರೂಢಿಯಂತೆ ‘ಅ’ಕಾರದಲ್ಲಿ ಮುಗಿಯುವ ಗಂಡಸಿನ ಹೆಸರಿಗೆ ‘ನ್’ ಸೇರಬೇಕು. ನಮ್ಮ ರಾಮ ಅಲ್ಲಿ ರಾಮನ್, ಶಂಕರ ಶಂಕರನ್, ನಾರಾಯಣ ನಾರಾಯಣನ್. ‘ನ್’ ಇಲ್ಲದೆ ‘ಅ’ದಲ್ಲೇ ನಿಂತರೆ ಅದು ಹೆಣ್ಣಿನ ಹೆಸರಿನಂತೆ ಕೇಳಿಸುತ್ತದೆ. ಕೃಷ್ಣ ಎಂಬುದು ಕೇರಳದಲ್ಲಿ ಹೆಣ್ಣುಮಕ್ಕಳಿಗೂ ಇಡುವ ಹೆಸರು. ಹಾಗಾಗಿ ನಮ್ಮ ಗಂಡುಮಗುವಿನ ಹೆಸರಿನ ಮುಂದೆ ಹೆಣ್ಣೆಂದು ಗುರುತು ಬಿದ್ದರೆ ಬರೆದವರ ಮೇಲೆ ಸಿಟ್ಟಾಗಿ ಫಲವಿಲ್ಲ. ಅವರ ಕಿವಿ ಹಾಗೆ ಕೇಳಿತು. ಇನ್ನೊಂದು ರೂಢಿ, ಮೊದಲ ಅಕ್ಷರದ ‘ಅ’ಕಾರ ‘ಎ’ಕಾರದ ಕಡೆ ವಾಲುವುದು. ರಮ್ಯ ರೆಮ್ಯಳಾಗುತ್ತಾಳೆ, ರಜನಿ ರೆಜನಿ, ಗಂಗೆ ಗೆಂಗ. ಅದೇ ಇಂಗ್ಲಿಷ್ ಅಕ್ಷರಗಳಿಗೂ ಇಳಿದುಬಿಟ್ಟರೆ ಮುಂದೆ ಮಂಗಳೂರಿನ ಕಾಲೇಜಿನಲ್ಲಿ ‘ನಿನ್ನ ಹೆಸರು ಹೀಗೇಕೆ?’ ಎಂಬ ಪ್ರಶ್ನೆ ತಪ್ಪಿದ್ದಲ್ಲ.

ಮನೆತನದ ಅಕ್ಷರದ್ದೂ ಒಂದು ಪೇಚು. ನಾವು ಊರನ್ನೋ ಮನೆಯನ್ನೋ ಸೂಚಿಸುವ ಅಕ್ಷರವನ್ನು ಹೆಸರಿನ ಮುಂದೆ ಇಡುತ್ತೇವೆ. ಇಲ್ಲಿಯ ಶಾಲಾ ದಾಖಲೆಗಳಲ್ಲಿ ಅದು ಎಷ್ಟೋ ಸಲ ಹಿಂದೆ ಬರುತ್ತದೆ. ಕೊಲ್ಲಿ ದೇಶಕ್ಕೆ ಹೊರಟವನು ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಆ ಅಕ್ಷರವನ್ನು ಬಿಡಿಸಿ ಬರೆಯಬೇಕು. ಆಗ ಶಾಲೆಯಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಮತದಾರರ ಪಟ್ಟಿಯಲ್ಲಿ ಮತ್ತೊಂದು ಎಂದು ಒಬ್ಬನೇ ಮೂವರಾಗಿ ನಿಲ್ಲುತ್ತಾನೆ.

ಈ ಭಯಕ್ಕೆ ನಮ್ಮವರು ಕಂಡುಕೊಂಡ ಸುಲಭೋಪಾಯವೆಂದರೆ ಯಾವ ಊರಿಗೂ ಸೇರದ ಪುಟಾಣಿ ಹೆಸರುಗಳು. ಎರಡಕ್ಷರ, ಹೆಚ್ಚೆಂದರೆ ಮೂರಕ್ಷರ. ದಿಲ್ಲಿಯಲ್ಲೂ ಅದೇ, ಕೊಚ್ಚಿಯಲ್ಲೂ ಅದೇ. ಚಿಕ್ಕ ಹೆಸರು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಒಂದು ತರಗತಿಯಲ್ಲಿ ನಾಲ್ವರು ಸಾನ್ವಿಯರು ಕುಳಿತಿರುವಾಗ ‘ಅಪರೂಪದ ಹೆಸರು’ ಎಂದು ಹುಡುಕಿದ್ದು ಎಲ್ಲಿ ಹೋಯಿತು? ಮತ್ತೆ ಆ ಹೆಸರನ್ನು ಕಿರಿದು ಮಾಡಿ ಕರೆಯೋಣವೆಂದರೆ ಕತ್ತರಿಸುವುದಕ್ಕೆ ಉಳಿದಿರುವುದೇನು?

ಹಳೆಯ ದಾರಿಯೇ ಹೊಸದು

ಹಿರಿಯರ ಕ್ರಮ ಇದಕ್ಕಿಂತ ಜಾಣತನದ್ದು. ಕಡತಕ್ಕೆ ಬೇರುಳ್ಳ, ಉದ್ದನೆಯ ಹೆಸರು. ಬಾಯಿಗೆ ಎಲ್ಲರೂ ಬಲ್ಲ ಚಿಕ್ಕ ಹೆಸರು. ಇಂದು ಆ ಉದ್ದನೆಯ ಹೆಸರುಗಳೇ ಅಪರೂಪವಾಗಿವೆ. ಹೊಸತನ ಬೇಕೆನ್ನುವ ತಾಯಂದಿರು ದೂರ ಹುಡುಕಬೇಕಾಗಿಲ್ಲ.

ಅನಂತಪುರದ ದೇವರು ಅನಂತಪದ್ಮನಾಭ. ಶಾಲೆಯಲ್ಲಿ ಅನಂತ್, ಮನೆಯಲ್ಲಿ ಪದ್ದು. ಕಾಸರಗೋಡು ಪೇಟೆಯ ದೇವರು ಮಲ್ಲಿಕಾರ್ಜುನ. ಆ ಹೆಸರಿನೊಳಗೆ ಎಲ್ಲರೂ ಮೆಚ್ಚುವ ಅರ್ಜುನ್ ಆಗಲೇ ಕುಳಿತಿದ್ದಾನೆ. ಮಧೂರಿನ ಸಿದ್ಧಿವಿನಾಯಕ ಸಿದ್ದುವೂ ಆಗಬಹುದು, ವಿನುವೂ ಆಗಬಹುದು. ಕುಂಬಳೆಯ ಗೋಪಾಲಕೃಷ್ಣನಿಂದ ಗೋಪು, ಕಿಟ್ಟು. ಅಪ್ಪು ಎಂದೇ ಕರೆಯಬೇಕೆಂಬ ಆಸೆಯೆ? ಅಪ್ರಮೇಯ ಎಂದಿಡಿ; ತರಗತಿಯಲ್ಲಿ ಇನ್ನೊಬ್ಬ ಸಿಗಲಾರ. ಚಿನ್ನು ಬೇಕೆ? ಚಿನ್ಮಯ, ಚಿನ್ಮಯಿ ಇದ್ದಾರೆ.

ಹೆಣ್ಣುಮಕ್ಕಳಿಗೆ ನಮ್ಮ ಹೊಳೆಯೇ ಒಂದು ಹೆಸರು ಕೊಟ್ಟಿದೆ. ಕೊಡಗಿನ ಬೆಟ್ಟಗಳಿಂದ ಇಳಿದು ಸುಳ್ಯದ ಮೂಲಕ ನಮ್ಮ ಕಡೆ ಬಂದು ಚಂದ್ರಗಿರಿಯನ್ನು ಸೇರುವ ಪಯಸ್ವಿನಿ, ಕರೆಯುವುದಕ್ಕೆ ಪಯು. ಅನ್ನಪೂರ್ಣೆ ಪೂರ್ಣಿಯಾಗುತ್ತಾಳೆ, ರಾಜರಾಜೇಶ್ವರಿ ರಾಜಿ, ತೇಜಸ್ವಿನಿ ತೇಜು, ಮೀನಾಕ್ಷಿ ಮಿನ್ನು, ಅಮೃತವರ್ಷಿಣಿ ಅಮ್ಮು.

ಕರೆಯುವ ಹೆಸರಿಗೆ ಗಡಿಯಿಲ್ಲ ಎಂಬುದನ್ನೂ ಗಮನಿಸಬೇಕು. ಅಪ್ಪು, ಅಮ್ಮು, ಚಿನ್ನು, ಕುಟ್ಟಿ ಎಂಬುವು ಬೇಲಿಯ ಆಚೆಗೂ ಈಚೆಗೂ ಒಂದೇ. ಪುನೀತ್ ರಾಜಕುಮಾರ್ ಹುಟ್ಟಿದಾಗ ಇಟ್ಟ ಹೆಸರು ಲೋಹಿತ್, ತೆರೆಗೆ ಪುನೀತ್, 2002ರ ಚಿತ್ರದ ಹೆಸರೂ ‘ಅಪ್ಪು’, ಜನರಿಗೂ ಅವರು ಅಪ್ಪು. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡಾಗ ಕನ್ನಡಿಗರು ಆ ಎರಡಕ್ಷರ ಹೇಳಿಯೇ ಅತ್ತರು. ಅದೇ ಎರಡಕ್ಷರ ಹೇಳಿ ಇಲ್ಲಿಯ ಮಲೆಯಾಳಿ ತಾಯಿ ಮಗುವಿಗೆ ಗಂಜಿ ಉಣ್ಣಿಸುತ್ತಾಳೆ. ಹಾಗಾಗಿ ಆಟದ ಬಯಲಿನಲ್ಲಿ ನಮ್ಮ ಮಗು ಒಂಟಿಯಾಗುವುದಿಲ್ಲ. ಭಾಷೆಯನ್ನು ಹೊರಬೇಕಾದದ್ದು ಕಡತದ ಹೆಸರು. ಅದನ್ನು ಹಗುರ ಮಾಡಬೇಕಾಗಿಲ್ಲ.

ಗೊತ್ತುಮಾಡುವ ಮೊದಲು

ಹೆಸರು ಗೊತ್ತುಮಾಡುವ ಮೊದಲು ಕೆಲವು ಸಣ್ಣ ಪರೀಕ್ಷೆಗಳು ಒಳ್ಳೆಯವು. ಅಂಗಳದಲ್ಲಿ ನಿಂತು ಅಡಿಕೆ ತೋಟದ ಆಚೆ ಬದಿಗೆ ಕೇಳುವಂತೆ ಒಮ್ಮೆ ಕೂಗಿ ನೋಡಬೇಕು. ಕರೆಯುವ ಹೆಸರು ಅಲ್ಲಿಯೇ ಹುಟ್ಟುತ್ತದೆ. ಹೆಸರನ್ನು ಮಲೆಯಾಳ ಅಕ್ಷರದಲ್ಲಿ ಬರೆದು ಪಕ್ಕದ ಮನೆಯ ಮಲೆಯಾಳಿಯಿಂದ ಓದಿಸಬೇಕು. ಇಂಗ್ಲಿಷಿನಲ್ಲಿ ಬರೆದು ಘಟ್ಟದ ಮೇಲಿನ ನೆಂಟರಿಂದ ಓದಿಸಬೇಕು. ‘ಇ’, ‘ಉ’ಗಳಲ್ಲಿ ಮುಗಿಯುವ ಮುರಳಿ, ಶ್ರೀಹರಿ, ಶಂಭು, ವಿಷ್ಣು ಮುಂತಾದ ಹೆಸರುಗಳಿಗೆ ‘ನ್’ಕಾರದ ಕಾಟವಿಲ್ಲವೆಂಬುದೂ ನೆನಪಿರಲಿ. ಕೊನೆಗೆ ಹೆಸರಿನ ಮುಂದೆ ‘ಅಜ್ಜ’ ಎಂದೋ ‘ಅಜ್ಜಿ’ ಎಂದೋ ಸೇರಿಸಿ ನೋಡಬೇಕು. ಚಿಂಟು ಎಂದಷ್ಟೇ ಕಡತದಲ್ಲಿ ಬರೆಸಿದರೆ ಎಪ್ಪತ್ತು ವರ್ಷದ ಬಳಿಕ ಚಿಂಟು ಅಜ್ಜನೆಂದೇ ಕರೆಸಿಕೊಳ್ಳಬೇಕಾದೀತು!

ಕಾನೂನು ಇದಕ್ಕೆ ಸಾವಧಾನ ಕೊಟ್ಟಿದೆ. 1969ರ ಜನನ ಮರಣ ನೋಂದಾವಣೆ ಕಾಯಿದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು; ಆದರೆ ಹೆಸರು ಆಗಲೇ ಬೇಕೆಂದಿಲ್ಲ. 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಬಳಿಕ ತಡಶುಲ್ಕ ಕೊಟ್ಟು 15 ವರ್ಷದ ತನಕ. ಆಸ್ಪತ್ರೆಯ ಮೇಜಿನ ಮುಂದೆ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳುವ ಅಗತ್ಯವಿಲ್ಲ. ಅರ್ಜಿಯಲ್ಲಿ ಮಲೆಯಾಳದ ರೂಪವನ್ನೂ ಇಂಗ್ಲಿಷಿನ ರೂಪವನ್ನೂ ನಾವೇ ಬರೆದು ಕೊಡಬೇಕು. ಮಲೆಯಾಳ ಬರೆಯಲು ಬಾರದವರು ಬಲ್ಲವರಿಂದ ಬರೆಸಿಕೊಂಡು ಹೋಗಬೇಕು. ನೋಂದಾವಣೆಗೆ ಮೊದಲು ಕರಡನ್ನು ತೋರಿಸಿದರೆ ‘ನ್’ ಸೇರಿದೆಯೇ, ಗಂಡು ಹೆಣ್ಣಾಗಿದೆಯೇ ಎಂದು ಕಣ್ಣಿಟ್ಟು ನೋಡಬೇಕು.

ಹಿಂದೆ ಪಂಚಾಯತಿನಲ್ಲಿ ತಪ್ಪಿದ್ದು ಶಾಲೆಯಲ್ಲಿ ಸರಿಯಾಗುತ್ತಿತ್ತು. ಈಗ ಹಾಗಿಲ್ಲ. ಕಾಯಿದೆಯ ತಿದ್ದುಪಡಿಯಂತೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ವಾಹನ ಚಾಲನೆಯ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಾವಣೆ, ಸರಕಾರಿ ಉದ್ಯೋಗ ಎಲ್ಲದಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಪುರಾವೆಯಾಗಿ ಜನನ ಪ್ರಮಾಣಪತ್ರವೇ ಬೇಕು. ಅದರಲ್ಲಿ ಬಿದ್ದ ಅಕ್ಷರ ಮಗುವಿನ ಜೊತೆ ಬದುಕಿಡೀ ನಡೆಯುತ್ತದೆ.

2021ರ ಜೂನಿನಲ್ಲಿ ನಮ್ಮ ಊರುಗಳ ಹೆಸರಿನ ವಿಚಾರ ದೊಡ್ಡ ಸುದ್ದಿಯಾಯಿತು. ಮಧೂರು, ಕುಂಬಳೆ, ಮಂಜೇಶ್ವರಗಳ ಕನ್ನಡ ಹೆಸರು ಮಲೆಯಾಳವಾಗುತ್ತಿದೆಯೆಂದು ಕರ್ನಾಟಕದಿಂದಲೂ ಆಕ್ಷೇಪ ಬಂತು. ಅಂಥ ತೀರ್ಮಾನವೇನೂ ಇಲ್ಲವೆಂದು ಕೇರಳ ಸರಕಾರ ತಿಳಿಸಿತು. ಊರ ಹೆಸರಿನ ಕಾವಲಿಗೆ ಮನವಿ, ಸಭೆ, ನಿಯೋಗಗಳು ಬೇಕು. ಆ ಕೆಲಸ ಇನ್ನು ಮುಂದೆಯೂ ನಡೆಯಬೇಕು. ಆದರೆ ಮಗುವಿನ ಹೆಸರಿಗೆ ಮಂತ್ರಿಗಳ ಅಪ್ಪಣೆ ಬೇಕಾಗಿಲ್ಲ. ಅರ್ಜಿಯ ಆ ಒಂದು ಗೆರೆ ನಮ್ಮ ಕೈಯಲ್ಲೇ ಇದೆ. ಅಲ್ಲಿ ನಮ್ಮ ಹೊಳೆ, ನಮ್ಮ ದೇವರು, ನಮ್ಮ ಅಜ್ಜ ಇವರಲ್ಲಿ ಒಬ್ಬರಿಗಾದರೂ ಜಾಗವಿರಲಿ. ಕರೆಯುವ ಹೆಸರನ್ನು ಮನೆಯ ಮಕ್ಕಳಿಗೂ ಬೇಲಿಯಾಚೆಯ ಮಕ್ಕಳಿಗೂ ಬಿಟ್ಟರಾಯಿತು. ಅದನ್ನು ಅವರು ನಮಗಿಂತ ಚೆನ್ನಾಗಿ ಕಡೆದುಕೊಡುತ್ತಾರೆ.